ಓಬಳೇಶ ಒಗೆದ ಕಂಬಳಿ

ಚಳ್ಳಕೆರೆಯ ಎಣ್ಣೆ ಮಿಲ್ಲೊಂದು ಬಾಗಿಲು ಹಾಕಿದಾಗ ಓಬಳೇಶನಿಗೆ ಮೂವತ್ತೊಂಬತ್ತು ವರ್ಷ. ಹದಿನೆಂಟು ವರ್ಷ ಅಲ್ಲಿ ಶೇಂಗಾ ಚೀಲ ತೂಗಿದ ಮನುಷ್ಯನಿಗೆ ಈಗ ತೂಗಲು ಏನೂ ಇಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯೊಳಗೇ ತಿರುಗತೊಡಗಿದ. ಕೂತರೆ ಏಳುವನು, ಎದ್ದರೆ ಬಾಗಿಲಿಗೆ ಹೋಗುವನು, ಬೀದಿ ನೋಡಿ ಮತ್ತೆ ಒಳಗೆ ಬರುವನು. ಡಬ್ಬಿಗಳನ್ನು ಶೆಲ್ಫಿನಿಂದ ಇಳಿಸಿ, ಎತ್ತರದ ಪ್ರಕಾರ ಜೋಡಿಸಿ, ಅದು ಸರಿಬಾರದೆ ಮತ್ತೆ ಇಳಿಸುವನು. ಒಂದು ತಿಂಗಳು ತಡೆದುಕೊಂಡ ಹೆಂಡತಿ ಗಂಗಲಕ್ಷ್ಮಿ ಕೊನೆಗೆ, "ರೀ, ಒಂದ್ ಕಡೆ ಕೂತ್ಕಳ್ರಿ. ನಿಮ್ಮನ್ನ ನೋಡಿ ನೋಡಿ ನಂಗೆ ತಲೆ ತಿರುಗ್ತೈತೆ" ಎಂದಳು. ಓಬಳೇಶ ಕೂತ. ಅವಳು ಉಪ್ಪಿನ ಡಬ್ಬಿ ಹುಡುಕಿ ಮುಗಿಸುವಷ್ಟರಲ್ಲಿ ಎದ್ದು ಪೇಟೆಗೆ ಹೋಗಿದ್ದ.

ಇದು ಎರಡು ಸಾವಿರದ ಎರಡನೇ ಇಸವಿಯ ಮಾತು. ಅದೇ ದಿನ ಪೇಟೆಯ ಬ್ಯಾಂಕೊಂದಕ್ಕೆ ದಾವಣಗೆರೆಯಿಂದ ಇಬ್ಬರು ಬಂದು ಮಷಿನ್ ಇಟ್ಟು ನೆಲ ತಿಕ್ಕುತ್ತಿದ್ದರು. ನೀಲಿ ಅಂಗಿ, ನೀಲಿ ಟೋಪಿ. ಬ್ಯಾಂಕಿನವರೆಲ್ಲ ಕಾಲು ಮೇಲೆತ್ತಿಕೊಂಡು ಕುರ್ಚಿಯಲ್ಲಿ ಕೂತು ಅವರನ್ನೇ ನೋಡುತ್ತಿದ್ದರು. ಮ್ಯಾನೇಜರು ತಾವೇ ಹೇಳಿ ಅವರಿಗೆ ಕಾಫಿ ತರಿಸಿದರು. ಕಿಟಕಿಯಲ್ಲಿ ನಿಂತಿದ್ದ ಓಬಳೇಶನಿಗೆ ಆ ಕಾಫಿ ಎದೆಗೆ ತಾಗಿತು. ಕಸ ಗುಡಿಸುವವರಿಗೆ ಕಾಫಿ! ಹದಿನೆಂಟು ವರ್ಷದಲ್ಲಿ ಮಿಲ್ಲಿನವರು ಅವನಿಗೆ ನೀರು ಬೇಕೇ ಎಂದು ಕೇಳಿದವರಲ್ಲ.

ಹದಿನೈದು ದಿನದೊಳಗೆ ಪಾವಗಡ ರಸ್ತೆಯಲ್ಲಿ ಒಂದು ಮಳಿಗೆ ಹಿಡಿದ. ಹಿಂದೆ ಅಂಗಳ, ಅಂಗಳದಲ್ಲಿ ಒಂದು ಉಪ್ಪುನೀರಿನ ಬಾವಿ, ಒಂದು ಹಂಡೆ, ಒಂದು ಒಗೆಯುವ ಕಲ್ಲು. ಪಕ್ಕದಲ್ಲೇ ಕೊಟ್ರಮ್ಮನ ಮಂಡಕ್ಕಿ ಮೆಣಸಿನಕಾಯಿ ಅಂಗಡಿ. ಬೋರ್ಡು ಬರೆಯುವವನು ಏಣಿಯ ಮೇಲೆ ನಿಂತು ಏನೇನು ಕ್ಲೀನ್ ಮಾಡುತ್ತೀರಿ ಎಂದು ಕೇಳಿದ. ನೀರಿನ ತೊಟ್ಟಿ, ಫ್ಯಾನು, ಸೋಫಾ, ಪರದೆ ಎಂದು ಓಬಳೇಶ ಬೆರಳು ಮಡಿಸುತ್ತ ಹೋದ. ಅಷ್ಟು ಅಕ್ಷರಕ್ಕೆ ಹಲಗೆ ಸಾಲುವುದಿಲ್ಲ ಎಂದಾಗ, "ಹಂಗಾದ್ರೆ 'ಎಲ್ಲವನ್ನೂ' ಅಂತ ಬರಿ" ಎಂದುಬಿಟ್ಟ. ಹೀಗೆ 'ಓಬಳೇಶ್ ಕ್ಲೀನಿಂಗ್ ಸೆಂಟರ್, ಇಲ್ಲಿ ಎಲ್ಲವನ್ನೂ ಸ್ವಚ್ಛ ಮಾಡಿಕೊಡಲಾಗುವುದು' ಎಂಬ ಬೋರ್ಡು ಮೇಲೆದ್ದಿತು. ಜಗತ್ತಿನಲ್ಲಿ ಎಷ್ಟು ಬಗೆಯ ಕೊಳೆ ಇದೆ ಎಂಬುದನ್ನು ಓಬಳೇಶ ಯೋಚಿಸಿರಲಿಲ್ಲ. ಊರಿನವರು ಯೋಚಿಸಿದ್ದರು.

ಮೊದಲ ದಿನ ನಿವೃತ್ತ ಮೇಷ್ಟ್ರೊಬ್ಬರು ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಎರಡನೇ ದಿನ ಯಾರೋ ಕೋಳಿಗೂಡು ತಂದು ಬಾಗಿಲಲ್ಲಿಟ್ಟು ಹೋದರು. ಕೋಳಿ ಒಳಗೇ ಇತ್ತು. ಮೂರನೇ ದಿನ ಕೊಟ್ರಮ್ಮ ತನ್ನ ಬಾಣಲೆ ತಂದಳು. ಇಪ್ಪತ್ತು ವರ್ಷ ಮೆಣಸಿನಕಾಯಿ ಬೋಂಡ ಕರಿದು ಕರಿದು ಅದರ ಹೊರಮೈಗೆ ಮಸಿ ಹೆಂಚಿನ ಹಾಗೆ ಕೂತಿತ್ತು. ಓಬಳೇಶ ಎರಡು ದಿನ ಕೂತು, ಅಂದರೆ ಅವನ ಮಟ್ಟಿಗೆ ಕೂತು, ಉಜ್ಜಿದ. ಮಸಿ ಹೋಯಿತು. ಮಸಿ ಹೋದ ಮೇಲೆ ಬಾಣಲೆಗೆ ಮೂರು ತೂತು ಇರುವುದು ಗೊತ್ತಾಯಿತು.

"ಅದು ಮಸಿ ಮೇಲೇ ನಿಂತಿತ್ತಲ್ಲೋ ಮಾರಾಯ!" ಎಂದು ಕೊಟ್ರಮ್ಮ ತೂತಿನೊಳಗಿಂದ ಅವನನ್ನು ನೋಡಿದಳು. ಆಮೇಲೆ ಗಿರಾಕಿಗಳು ಕಡಿಮೆಯಾದರು.

ಈ ಸುದ್ದಿಯೆಲ್ಲ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಪಕ್ಕದ ಹಟ್ಟಿಯಲ್ಲಿದ್ದ ಓಬಳೇಶನ ಮಾವ ಬೋರಣ್ಣನಿಗೆ ತಲುಪುತ್ತಲೇ ಇತ್ತು. ಬೋರಣ್ಣ ಹಟ್ಟಿಯ ಐದು ಜನ ಯಜಮಾನರಲ್ಲಿ ಮೊದಲನೆಯವನು. ಅವನಿಗೆ ಒಬ್ಬಳೇ ಮಗಳು, ನೂರಿಪ್ಪತ್ತು ಕುರಿ. ಮಿಲ್ಲು ಮುಚ್ಚಿದ ದಿನದಿಂದ, ಅಳಿಯ ಹಟ್ಟಿಗೆ ಬಂದು ಕುರಿ ನೋಡಿಕೊಳ್ಳಲಿ ಎಂದು ಒಂದೇ ಸಮ ಹೇಳುತ್ತಿದ್ದ. ಓಬಳೇಶನಿಗೆ ಕುರಿ ಎಂದರೆ ಆಗದು. ಮದುವೆಯ ದಿನ ಧಾರೆಗೆ ನಿಂತಿದ್ದವನಿಗೆ ಹಟ್ಟಿಯ ಟಗರೊಂದು ಹಿಂದಿನಿಂದ ಬಂದು ಗುಮ್ಮಿದ್ದು ಇನ್ನೂ ಸೊಂಟದಲ್ಲಿ ನೆನಪಿತ್ತು. ಅಪ್ಪನ ಕಾಲಕ್ಕೇ ಕುರಿ ಬಿಟ್ಟು ಪೇಟೆ ಸೇರಿದ ಮನೆ ಅವನದು. ಈ ಅಂಗಡಿ ನಿಂತರೆ ಬದುಕು, ಇಲ್ಲದಿದ್ದರೆ ನೂರಿಪ್ಪತ್ತು ಕುರಿಯ ಹಿಂದೆ ಬಾಳೆಲ್ಲ ನಡೆಯಬೇಕು ಎಂಬ ಹೆದರಿಕೆ ಅವನನ್ನು ಕೂರಗೊಡುತ್ತಿರಲಿಲ್ಲ.

ಬೇಸಿಗೆಯ ಒಂದು ಸಂತೆಯ ದಿನ ಬೆಳಿಗ್ಗೆ ಬೋರಣ್ಣ ಅಂಗಡಿಗೆ ಬಂದ. ಪರಶುರಾಂಪುರದ ಕಡೆ ನೆಂಟರ ಜಗಳವೊಂದರ ನ್ಯಾಯ ಮುಗಿಸಿ, ಉಳಿದ ನಾಲ್ವರು ಯಜಮಾನರನ್ನು ಹಟ್ಟಿಗೆ ಕಳಿಸಿ ಬಂದಿದ್ದ. ಹೆಗಲ ಮೇಲೆ ಹಟ್ಟಿಯ ಕಂಬಳಿ ಇತ್ತು. ಆ ಕಂಬಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಎಂಟು ಮೊಳ ಉದ್ದ, ನಾಲ್ಕು ಮೊಳ ಅಗಲ. ಐದು ಜನ ಯಜಮಾನರು ಅದರ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೇ ನ್ಯಾಯ ಹೇಳಬೇಕು. ಕೂತ ಮೇಲೆ ನ್ಯಾಯ ಮುಗಿಯುವತನಕ ಏಳುವಂತಿಲ್ಲ, ಯಾರೂ ಎಬ್ಬಿಸುವಂತಿಲ್ಲ. ಅದರ ಮೇಲೆ ಕೂತು ಆಡಿದ ಮಾತಿಗೆ ಎದುರಿಲ್ಲ. ಬೇರೆಲ್ಲಿ ಕೂತು ಆಡಿದರೂ ಅದು ಬರೀ ಹರಟೆ. ಅದನ್ನು ಒಗೆದವರಿಲ್ಲ. ಬಣ್ಣ ಯಾವುದೆಂದು ಕೇಳಿದರೆ ಹಟ್ಟಿಯವರು, "ಕಂಬಳಿ ಬಣ್ಣ" ಎನ್ನುತ್ತಿದ್ದರು.

ಬೋರಣ್ಣ ಖಾಲಿ ಅಂಗಡಿಯನ್ನು ನೋಡಿದ, ಬೋರ್ಡನ್ನು ನೋಡಿದ. "ಅಳಿಯಾ, ಎಲ್ಲವನ್ನೂ ಅಂತ ಬರ್ಸಿದಿಯಲ್ಲಪ್ಪ. ನೀನು ಕ್ಲೀನ್ ಮಾಡಿದ್ದು ಒಂದನ್ನಾದ್ರೂ ತೋರ್ಸು ನೋಡಾನ."

"ನನ್ನ ಬಾಣ್ಲಿ ತರ್ಲೇನ್ರಿ ಬೋರಣ್ಣ?" ಎಂದು ಪಕ್ಕದಿಂದ ಕೊಟ್ರಮ್ಮ ಕೂಗಿದಳು.

"ಹೊಸದಲ್ವಾ ಮಾವ, ಬರ್ತಾರೆ" ಎಂದ ಓಬಳೇಶ.

"ಯಾರು ಬರ್ತಾರೆ? ಕೋಳಿನಾ? ಮುಂದಿನ ಸಂತೆಗೆ ಲಾರಿ ತಗಂಡು ಬರ್ತೀನಿ. ಇಬ್ರೂ ಗಂಟುಮೂಟೆ ಕಟ್ಟಿಟ್ಟಿರ್ರಿ. ನಾನು ಕುರಿ ಸಂತೆಗೆ ಹೋಗಿ ಐದು ಗಂಟೆ ಬಸ್ಸಿಗೆ ಬರ್ತೀನಿ. ಕಂಬಳಿ ಇಲ್ಲೇ ಇರ್ಲಿ." ಇಷ್ಟು ಹೇಳಿ ಬೋರಣ್ಣ ಕಂಬಳಿಯನ್ನು ಸ್ಟೂಲಿನ ಮೇಲಿಟ್ಟು ನಡೆದ. ಗಂಗಲಕ್ಷ್ಮಿ ಆಗ ನಲ್ಲಿ ನೀರಿನ ಸರದಿಯಲ್ಲಿ ಕೊಡ ಹಿಡಿದು ನಿಂತಿದ್ದಳು. ಅವಳು ಅಂಗಡಿಯಲ್ಲಿದ್ದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ.

ಓಬಳೇಶ ಸ್ಟೂಲಿನ ಸುತ್ತ ನಾಲ್ಕು ಸಲ ತಿರುಗಿದ. ಐದನೇ ಸಲಕ್ಕೆ ಕಂಬಳಿಯನ್ನು ಬಾಚಿಕೊಂಡು ಹಿಂದಿನ ಅಂಗಳಕ್ಕೆ ಓಡಿದ. ಒಂದನ್ನಾದರೂ ತೋರಿಸು ಎಂದನಲ್ಲ ಮಾವ, ತೋರಿಸುತ್ತೇನೆ. ಹಂಡೆಯ ಕೆಳಗೆ ಉರಿ ಹಾಕಿದ. ನೀರು ಕುದಿಯುವಾಗ ಎರಡು ಹಿಡಿ ವಾಷಿಂಗ್ ಸೋಡಾ, ನಾಲ್ಕು ಹಿಡಿ ಸೋಪಿನ ಪುಡಿ ಸುರಿದು ಕಂಬಳಿಯನ್ನು ಅದರೊಳಗೆ ಮುಳುಗಿಸಿ ದೊಣ್ಣೆಯಿಂದ ತಿರುವಿದ. ಆಮೇಲೆ ಕಲ್ಲಿನ ಮೇಲೆ ಹಾಕಿ ತುಳಿದ. ಮೊದಲ ನೀರು ಕಾಫಿ ಡಿಕಾಕ್ಷನ್ನಿನ ಹಾಗೆ ಬಂತು. ಎರಡನೆಯದು ಚಹಾ. ಏಳನೆಯದಕ್ಕೆ ರಾಗಿ ಅಂಬಲಿಯಾಯಿತು. ಅಡಿಕೆ ಚೂರು, ಶೇಂಗಾ ಸಿಪ್ಪೆ, ಬೀಡಿ ತುಂಡು, ಒಂದು ಸುಣ್ಣದ ಡಬ್ಬಿಯ ಮುಚ್ಚಳ, ಯಾರದೋ ಅಂಗಿಯ ಹಿತ್ತಾಳೆ ಗುಂಡಿ ಹೊರಬಿದ್ದವು. ಕೊಟ್ರಮ್ಮ ಗೋಡೆಯ ಮೇಲಿನಿಂದ ಇಣುಕಿ ನೀರು ಎಣಿಸುತ್ತಿದ್ದಳು.

ಹನ್ನೊಂದನೇ ನೀರು ತಿಳಿಯಾಯಿತು. ಓಬಳೇಶ ಕಂಬಳಿ ಹಿಂಡಿ ಗೋಡೆಯ ಮೇಲೆ ಹರವಿ ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಕಂಬಳಿ ಬಣ್ಣದ ಕಂಬಳಿ ಕಪ್ಪಗೆ ಹೊಳೆಯುತ್ತಿತ್ತು. ಅದಕ್ಕಿಂತ ಹೆಚ್ಚಿನ ಮಾತೆಂದರೆ, ಅದರ ನಾಲ್ಕೂ ಕಡೆ ಹಾಲಿನಂಥ ಬಿಳಿ ಅಂಚು ಎದ್ದು ಬಂದಿತ್ತು. ಆ ಅಂಚು ಇದೆಯೆಂದು ಹಟ್ಟಿಯಲ್ಲಿ ಯಾರೂ ಹೇಳಿದ್ದಿಲ್ಲ. ಓಬಳೇಶನ ಕಣ್ಣು ತುಂಬಿತು. ಹದಿನೆಂಟು ವರ್ಷದಲ್ಲಿ ತಾನು ಮಾಡಿದ ಮೊದಲ ಚೆಂದದ ಕೆಲಸ ಇದು ಎಂದುಕೊಂಡ.

ಏಪ್ರಿಲ್ ಬಿಸಿಲು ತನ್ನ ಕೆಲಸ ಮಾಡುತ್ತಿತ್ತು. ಒಂದು ಗಂಟೆ ಬಿಟ್ಟು ಬಂದು ನೋಡಿದಾಗ ಅಂಗಳದ ಗೋಡೆ ಮೊದಲಿಗಿಂತ ಉದ್ದವಾಗಿರುವ ಹಾಗೆ ಅವನಿಗೆ ಕಂಡಿತು. ಇನ್ನೊಂದು ಗಂಟೆಗೆ ಗೋಡೆ ಮತ್ತಷ್ಟು ಉದ್ದವಾಗಿತ್ತು. ಗೋಡೆ ಬೆಳೆಯುವುದಿಲ್ಲ ಎಂಬುದು ಹೊಳೆದ ಮೇಲೆ ಅವನು ಕಂಬಳಿಯ ಈ ತುದಿಯಿಂದ ಆ ತುದಿಗೆ ಓಡಾಡತೊಡಗಿದ. ಅಷ್ಟರಲ್ಲಿ ಗಂಗಲಕ್ಷ್ಮಿ ಕೊಡ ಹೊತ್ತು ಬಂದಳು. ಕಂಬಳಿ ನೋಡಿದಳು, ಹಂಡೆ ನೋಡಿದಳು. ಕೊಡ ಇಳಿಸಲು ಮರೆತಳು.

"ಬಿಸಿನೀರಿಗೆ ಹಾಕಿದ್ರಾ?"

"ಕುದಿಯೋ ನೀರಿಗೆ" ಎಂದ ಓಬಳೇಶ, ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಕುರಿ ಕೂದ್ಲನ್ನ ಬಿಸಿನೀರಿಗೆ ಹಾಕ್ತಾರೇನ್ರಿ? ಹಟ್ಟೀಲಿ ಹಾಲು ಕುಡಿಯೋ ಕೂಸಿಗೂ ಗೊತ್ತೈತೆ ಇದು! ನನ್ನಪ್ಪ ಬರ್ತಾನೆ, ಹಿಡೀರಿ ಆ ಕಡೆ!"

ಒಂದು ತುದಿ ಅವಳು, ಇನ್ನೊಂದು ತುದಿ ಅವನು ಹಿಡಿದು ಎಳೆದರು. ಕೊಟ್ರಮ್ಮ ಬೋಂಡದ ಹಿಟ್ಟಿನ ಕೈಯಲ್ಲೇ ಓಡಿಬಂದು ಗಂಗಲಕ್ಷ್ಮಿಯ ಸೊಂಟ ಹಿಡಿದು ಎಳೆದಳು. ಎಳೆದಾಗ ಕಂಬಳಿ ಒಂದು ಗೇಣು ಬಂತು, ಬಿಟ್ಟೊಡನೆ ಒಂದು ಗೇಣು ಹೋಯಿತು. ಅಂಚಿಗೆ ಕಲ್ಲು ಕಟ್ಟಿ ತೂಗುಹಾಕಿದರು. ಕಲ್ಲೇ ಮೇಲಕ್ಕೆ ಬಂತು. ನಾಲ್ಕೂವರೆಗೆ ಅಳೆದಾಗ ಐದು ಮೊಳ ಉದ್ದ, ಎರಡೂವರೆ ಮೊಳ ಅಗಲ ಇತ್ತು.

ಬೋರಣ್ಣ ಸಂತೆಯಿಂದ ಬಂದ. ಸ್ಟೂಲಿನ ಮೇಲೆ ಮಡಿಸಿಟ್ಟಿದ್ದನ್ನು ಎತ್ತಿ ಪಕ್ಕಕ್ಕಿಟ್ಟು ಅದೇ ಸ್ಟೂಲಿನ ಮೇಲೆ ಕೂತು, "ಕಂಬಳಿ ಕೊಡ್ರಿ, ಬಸ್ಸಿಗೆ ಹೊತ್ತಾಗೈತೆ" ಎಂದ.

"ನೀವು ಈಗ ಪಕ್ಕಕ್ಕಿಟ್ರಲ್ಲ ಮಾವ, ಅದೇ."

"ಅದು ಯಾರದೋ ತೊಟ್ಟಿಲಿಗೆ ಹಾಸೋದು. ನಮ್ಮ ಕಂಬಳಿ ಕೊಡಪ್ಪ."

"ಅದೇ ಮಾವ ನಮ್ಮ ಕಂಬಳಿ. ಕ್ಲೀನ್ ಮಾಡೀನಿ."

ಬೋರಣ್ಣ ಅದನ್ನು ಬಿಚ್ಚಿದ. ತಿರುಗಿಸಿದ. ಮೂಸಿದ. ಸೋಪಿನ ಪುಡಿಯ ಮಲ್ಲಿಗೆ ವಾಸನೆ ಬಂತು. "ನಮ್ಮ ಕಂಬಳಿಗೆ ಅಂಚಿಲ್ಲ. ನಮ್ಮದು ಎಂಟು ಮೊಳ. ನಮ್ಮದು ಕರೀದಲ್ಲ" ಎಂದು ನಿಧಾನವಾಗಿ ಹೇಳಿದ. ಓಬಳೇಶ ಗಡಿಬಿಡಿಯಲ್ಲಿ ಹನ್ನೊಂದು ನೀರು, ಸುಣ್ಣದ ಮುಚ್ಚಳ, ಉದ್ದವಾದ ಗೋಡೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಹೇಳಿದಷ್ಟೂ ಅದು ಸುಳ್ಳಿನ ಹಾಗೆಯೇ ಕೇಳಿಸುತ್ತಿತ್ತು. ಅವನಿಗೂ ಹಾಗೆಯೇ ಕೇಳಿಸಿತು.

"ಹಟ್ಟಿ ಗದ್ದಿಗೆ ಕಂಬಳೀನ ಮಾರ್ಕಂಡು ನನಗೆ ಇದನ್ನ ಕೊಡ್ತೀಯಾ?" ಎಂದು ಬೋರಣ್ಣ ಎದ್ದ. "ಗುರುವಾರ ಐದೂ ಜನ ಕೂರ್ತೀವಿ. ಅಷ್ಟರೊಳಗೆ ನಮ್ಮ ಕಂಬಳಿ ತಂದು ಹಾಕು. ಇಲ್ಲ, ಅಂಗಡಿ ಬೀಗ ಹಾಕಿ ಬಂದು ಸಾಯೋತನಕ ಹಟ್ಟಿ ಕುರಿ ಕಾಯಿ. ಬರೀ ನನ್ನ ಕುರಿಯಲ್ಲ, ಹಟ್ಟೀದೆಲ್ಲ." ಮಗಳು ತಂದ ನೀರನ್ನೂ ಮುಟ್ಟದೆ ಬಸ್ಸು ಹತ್ತಿದ.

ಬಸ್ಸಿನಲ್ಲಿ ಬೋರಣ್ಣ ಪಕ್ಕದವನಿಗೆ ಹೇಳಿದ್ದು, ಅಳಿಯ ಕಂಬಳಿ ಬದಲಾಯಿಸಿದ ಎಂದು ಮಾತ್ರ. ತಳಕು ದಾಟುವಾಗ ಅದು ಮಾರಿದ ಎಂದಾಗಿತ್ತು. ಬಿ.ಜಿ. ಕೆರೆಯಲ್ಲಿ ಹತ್ತಿದವರಿಗೆ, ಸಿದ್ದಾಪುರದ ಬಂಡೆ ಶಾಸನ ನೋಡಲು ಬಂದ ಬಿಳಿಯನೊಬ್ಬನಿಗೆ ಮಾರಿದ ಎಂದು ತಿಳಿಯಿತು. ಹಾನಗಲ್ಲಿನಲ್ಲಿ ಇಳಿದವರು, ಬಂಡೆಯ ಮೇಲಿನ ಬರಹದಲ್ಲಿ ಈ ಕಂಬಳಿಯ ವಿಷಯವೇ ಇದೆಯಂತೆ ಎಂದು ಮಾತಾಡಿಕೊಳ್ಳುತ್ತ ಇಳಿದರು.

ಮರುದಿನ ಬೆಳಿಗ್ಗೆ ಹೆಡ್ ಕಾನ್ಸ್‌ಟೇಬಲ್ ಜಂಬುಲಿಂಗಪ್ಪ ಕೊಟ್ರಮ್ಮನ ಅಂಗಡಿಯಲ್ಲಿ ಮಂಡಕ್ಕಿ ತಿಂದು, ಅಲ್ಲಿಯೇ ಸುದ್ದಿಯನ್ನೂ ತಿಂದು, ಕೈ ಒರೆಸಿಕೊಳ್ಳುತ್ತ ಓಬಳೇಶನ ಬಾಗಿಲಿಗೆ ಬಂದರು. ಯಾರೂ ದೂರು ಕೊಟ್ಟಿರಲಿಲ್ಲ. ಆದರೆ ವಿದೇಶದ ವಿಷಯ, ನಾಳೆ ಮೇಲಿನವರು ಕೇಳಿದರೆ ಕಾಗದದಲ್ಲಿ ಏನಾದರೂ ಇರಬೇಕು ಎಂದು ಪುಸ್ತಕ ತೆಗೆದರು.

"ಕಳುವಾದ ವಸ್ತು?"

"ಕಳುವಾಗಿಲ್ಲ ಸಾರ್, ಇಲ್ಲೇ ಐತೆ."

"ಸಿಕ್ಕಿದೆ ಅಂತ ಬರ್ಕೊಳ್ಳಾ?"

"ಕಳ್ದೇ ಇಲ್ಲ ಸಾರ್."

"ಕಳೀದೆ ಸಿಗೋದು ಹೆಂಗಯ್ಯಾ? ತಲೆ ಕೆಡಿಸ್ಬೇಡ. ಉದ್ದ ಹೇಳು."

"ನಿನ್ನೆ ಬೆಳಿಗ್ಗೆ ಎಂಟು ಮೊಳ ಸಾರ್. ಈಗ ಐದು."

ಜಂಬುಲಿಂಗಪ್ಪನವರ ಮುಖ ಅರಳಿತು. "ಹಂಗೆ ಹೇಳು ಮತ್ತೆ! ಮೂರು ಮೊಳ ಕಳುವಾಗೈತೆ!" ಎಂದು ಬರೆದುಕೊಂಡರು. "ಅಂಚು?"

"ಮೊದ್ಲು ಇರ್ಲಿಲ್ಲ. ಈಗ ಐತೆ."

"ಮೂರು ಮೊಳ ಕಳುವು. ಒಂದು ಅಂಚು ಹೆಚ್ಚುವರಿ" ಎಂದು ಓದಿ, ತಾವು ಬರೆದದ್ದನ್ನು ತಾವೇ ಎರಡು ಸಲ ನೋಡಿ, ಪೆನ್ನಿನ ಕ್ಯಾಪು ಹಾಕಿದರು. "ಹೆಚ್ಚಾದ ಅಂಚಿನ ವಾರಸುದಾರರು ಬಂದ್ರೆ ಸ್ಟೇಷನ್ನಿಗೆ ತಿಳಿಸ್ಬೇಕು." ಓಬಳೇಶ ತಿಳಿಸುವುದಾಗಿ ಒಪ್ಪಿಕೊಂಡ. ಯಾರು ಏನು ಕೇಳಿದರೂ ಒಪ್ಪಿಕೊಳ್ಳುವ ಸ್ಥಿತಿಗೆ ಅವನು ಆಗಲೇ ಬಂದಿದ್ದ.

ಬುಧವಾರ ಅವನು ಅಂಗಡಿಯ ಬೋರ್ಡು ಇಳಿಸಲು ಏಣಿ ಹಾಕಿದ. ಗಂಗಲಕ್ಷ್ಮಿ ಏಣಿ ಹಿಡಿದುಕೊಂಡಳು, ಆದರೆ ಹತ್ತಲು ಬಿಡಲಿಲ್ಲ.

"ನಾನು ಹದಿನಾರು ವರ್ಷ ಕುರಿ ಹಿಂದೆ ತಿರುಗೀನಿ. ಆ ಅಡವಿ ಮುಳ್ಳೆಲ್ಲ ನನ್ನ ಕಾಲಿಗೆ ಗೊತ್ತು. ನಾನಂತೂ ವಾಪಸ್ ಹೋಗಲ್ಲ. ನಾಳೆ ಹೋಗಿ, ಇದು ಅದೇ ಕಂಬಳಿ ಅಂತ ಐದು ಜನದ ಮುಂದೆ ನಿಂತು ಹೇಳ್ರಿ."

"ನಂಬ್ತಾರೇನೇ?"

"ನಂಬಲ್ಲ. ಆದ್ರೂ ಹೇಳ್ರಿ."

ಗುರುವಾರ ಇಬ್ಬರೂ ಬೆಳಿಗ್ಗೆಯ ಬಸ್ಸು ಹತ್ತಿದರು. ಕಂಬಳಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಓಬಳೇಶ ತೊಡೆಯ ಮೇಲಿಟ್ಟುಕೊಂಡಿದ್ದ. ಪಕ್ಕದ ಸೀಟಿನ ಮುದುಕನೊಬ್ಬ ತಳಕಿನಿಂದ ಮುಂದೆ ಮಾತು ತೆಗೆದ.

"ಚಳ್ಳಕೆರೇಲಿ ಒಬ್ಬ ಓಬಳೇಶ ಅಂತ ಅದಾನಂತೆ, ಕೇಳಿದೀಯೇನಪ್ಪ? ಹಟ್ಟಿ ಕಂಬಳಿ ಮಾರ್ಕಂಡು ಬಿಳಿಯನ ಜೊತೆ ವಿಮಾನ ಹತ್ತಿ ಹೋದನಂತೆ."

"ಹೋದ್ನಾ?" ಎಂದ ಓಬಳೇಶ.

"ಹೆಂಡ್ತೀನ ಬಿಟ್ಟು ಹೋದ. ಅಲ್ಲಿ ಇನ್ನೊಂದು ಆಗ್ಯಾನಂತೆ."

ಗಂಗಲಕ್ಷ್ಮಿ ಗಂಡನ ಪಕ್ಕೆಗೆ ಮೊಣಕೈಯಿಂದ ತಿವಿದಳು. ತಾನು ಮಾಡದ ಮದುವೆಗೆ ತಿವಿಸಿಕೊಂಡ ಓಬಳೇಶ ಕಿಟಕಿಯ ಕಡೆ ತಿರುಗಿ ಕೂತ. ಹಾನಗಲ್ಲು, ಮೊಳಕಾಲ್ಮೂರು ದಾಟಿದರೂ ಮುದುಕ ಮಾತು ನಿಲ್ಲಿಸಲಿಲ್ಲ.

ಹಟ್ಟಿಯ ಮುಂದಿನ ಬೇವಿನ ಮರದ ಕೆಳಗೆ ಐದು ಜನ ಯಜಮಾನರು ನಿಂತಿದ್ದರು. ಕೂರಲು ಕಂಬಳಿ ಇರಲಿಲ್ಲ. ಸುತ್ತ ಹಟ್ಟಿಯ ಗಂಡಸರು, ಗುಡಿಸಲುಗಳ ಬಾಗಿಲಲ್ಲಿ ಹೆಂಗಸರು. ಓಬಳೇಶ ಚೀಲ ಬಿಚ್ಚಿ ಕಂಬಳಿಯನ್ನು ನೆಲಕ್ಕೆ ಹಾಸಿದ. ಒಂದು ಮೂಲೆ ಒಳಗೆ ಮಡಚಿಕೊಂಡು ಬಿದ್ದಿತು. ಅದನ್ನು ಸರಿಮಾಡುವ ಧೈರ್ಯವೂ ಅವನಿಗೆ ಇರಲಿಲ್ಲ.

ಯಜಮಾನರಲ್ಲಿ ವಯಸ್ಸಿಗೆ ಹಿರಿಯನಾದ ಚಿನ್ನಯ್ಯ ಆಂಧ್ರದ ಗಡಿಯ ಹಳ್ಳಿಯಿಂದ ಬಂದವನು. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಮಯ್ಯಾ ಅಲ್ಲುಡೂ, ಮನ ಕಂಬಳಿ ಏದಿ? ನಮ್ಮ ಕಂಬಳಿ ಎಲ್ಲೋ?" ಎಂದು ಎರಡೂ ಭಾಷೆಯಲ್ಲಿ ಕೇಳಿದ.

"ಇದೇ ಕಣ್ರಿ ಯಜಮಾನ್ರೇ. ಬಿಸಿನೀರಿಗೆ ಹಾಕಿಬಿಟ್ಟೆ. ತಪ್ಪಾತು. ಆದ್ರೆ ಕಂಬಳಿ ಇದೇ."

"ಸರಿ, ಇದು ಹೌದೋ ಅಲ್ಲವೋ, ಕೂತು ತೀರ್ಮಾನ ಮಾಡಾನ" ಎಂದ ಬೋರಣ್ಣ.

"ಎಲ್ಲಿ ಕೂರ್ತೀಯ?" ಎಂದ ಚಿನ್ನಯ್ಯ.

ಆಗ ಎಲ್ಲರಿಗೂ ಕಷ್ಟ ಅರ್ಥವಾಯಿತು. ಕಂಬಳಿಯ ಮೇಲೆ ಕೂರದೆ ತೀರ್ಮಾನ ಹೇಳುವಂತಿಲ್ಲ. ಇದು ಆ ಕಂಬಳಿಯೇ ಎಂದು ತೀರ್ಮಾನವಾಗದೆ ಇದರ ಮೇಲೆ ಕೂರುವಂತಿಲ್ಲ. ಕೂತು, ಇದು ಅದಲ್ಲ ಎಂದರೆ, ಅದಲ್ಲದ ಕಂಬಳಿಯ ಮೇಲೆ ಕೂತು ಹೇಳಿದ್ದರಿಂದ ಆ ಮಾತೂ ನಿಲ್ಲುವುದಿಲ್ಲ. ಐದೂ ಜನ ಮೂರು ಸಲ ಈ ದಾರಿಯಲ್ಲಿ ಹೋಗಿ ಮೂರು ಸಲವೂ ಹೊರಟಲ್ಲಿಗೇ ಬಂದರು. ಅದೂ ಅಲ್ಲದೆ, ಅದರ ಮೇಲೆ ಐದು ಜನ ಹಿಡಿಸುವಂತೆಯೂ ಇರಲಿಲ್ಲ. ಹೆಚ್ಚೆಂದರೆ ಮೂವರು ಕೂರಬಹುದಿತ್ತು, ಆ ಮೂವರು ಯಾರು ಎಂಬ ಮಾತು ಎದ್ದು, ಅರವತ್ತು ವರ್ಷ ಮೊಣಕಾಲು ತಾಗಿಸಿ ಕೂತ ಮನೆತನಗಳು ಮುಖ ತಿರುಗಿಸಿಕೊಂಡವು. ಹೊತ್ತು ನೆತ್ತಿಗೇರಿತು. ಓಬಳೇಶ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸುತ್ತಲೇ ಇದ್ದ.

"ಹಂಗೇ ಕುರಿ ಕಾಯಾಕೆ ಹಚ್ಚಿ ಕೈ ತೊಳ್ಕಳ್ರಿ" ಎಂದು ಹಿಂದಿನಿಂದ ಯಾರೋ ಕೂಗಿದರು. ಹಲವರು ಹೌದು ಹೌದು ಎಂದರು. ಅಷ್ಟರಲ್ಲಿ ನಿಂತವರಿಗೆ ಮಜ್ಜಿಗೆ ಕೊಡಲು ಬೋರಣ್ಣನ ತಾಯಿ ಜುಂಜಮ್ಮ ಗಡಿಗೆ ಹಿಡಿದು ಬಂದಳು. ಎಂಬತ್ತು ದಾಟಿದ ಜೀವ. ಕಂಬಳಿಯ ಹತ್ತಿರ ಬಂದವಳು ನಿಂತಳು. ಗಡಿಗೆಯನ್ನು ಚಿನ್ನಯ್ಯನ ಕೈಗೆ ಕೊಟ್ಟು ಬಗ್ಗಿ ಅಂಚನ್ನು ಮುಟ್ಟಿದಳು. ಆಮೇಲೆ ಮೆಲ್ಲಗೆ ಕಂಬಳಿಯ ನಡುವೆ ಕೂತು, ಕಾಲು ಚಾಚಿ, ಅಂಚನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಅವ್ವಾ!" ಬೋರಣ್ಣ ಗಾಬರಿಯಾದ. "ಅದರ ಮೇಲೆ ಹೆಂಗಸ್ರು ಕೂರಂಗಿಲ್ಲ, ಏಳು!"

"ಯಾಕ್ಲಾ ಏಳ್ಲಿ? ಇದು ಆ ಕಂಬಳಿ ಅಲ್ಲ ಅಂತೀರಿ. ಅಲ್ಲದಿದ್ರೆ ನಾನು ಕೂತ್ರೆ ನಿಮಗೇನು ಕಷ್ಟ? ಆ ಕಂಬಳಿನೇ ಅಂದ್ರೆ ಕೂತೋರನ್ನ ಎಬ್ಸಂಗಿಲ್ಲ. ಯಾವ್ದಾದ್ರೂ ಒಂದು ಹೇಳ್ರಿ."

ಐದೂ ಜನ ಕಂಬಳಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು.

ಜುಂಜಮ್ಮ ಅಂಚಿನ ಮೇಲೆ ಕೈಯಾಡಿಸುತ್ತಿದ್ದಳು. "ಮದುವೆ ಆಗಿ ಬರುವಾಗ ತವರಿಂದ ಒಂದು ಬಿಳಿ ಕುರಿ ಹೊಡ್ಕಂಡು ಬಂದಿದ್ದೆ. ಈ ಬೋರ ಹೊಟ್ಟೇಲಿದ್ದಾಗ ಅದರ ಉಣ್ಣೆ ಕತ್ತರಿಸಿ ನಾನೇ ನೂತೆ. ಅಂಚಿಗೆ ಹಾಕಾಕೆ ಎಷ್ಟು ಗೋಗರೆದಿದ್ದೆ. ಹಾಕಿದ್ರು. ನಿಮ್ಮಪ್ಪಂದಿರು ಒಂದು ವರ್ಷ ಕೂತ್ರು, ಬಿಳುಪು ಹೋತು. ಪ್ರತಿ ಯುಗಾದಿಗೂ ಒಂದ್ಸಲ ಕೆರೇಲಿ ಜಾಲಾಡ್ರೋ ಅಂದೆ. ಗದ್ದಿಗೆ ಕಂಬಳಿ, ನೀರು ಮುಟ್ಟಿಸ್ಬಾರ್ದು ಅಂದ್ರಿ. ಅರವತ್ತು ವರ್ಷ ಆತು ನಾನು ಇದನ್ನ ನೋಡಿ." ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಬಿಳಿ ಅಂಚು ಯಾವ ಕಂಬಳೀಲಾದ್ರೂ ಇರ್ತೈತಲ್ಲವ್ವ" ಎಂದ ಚಿನ್ನಯ್ಯ, ಗಡಿಗೆಯನ್ನು ಎಲ್ಲಿಡುವುದೆಂದು ತಿಳಿಯದೆ.

"ಹಂಗಾದ್ರೆ ಆ ಮಡಚಿರೋ ಮೂಲೆ ಬಿಚ್ಚು. ಉಣ್ಣೆ ಸಾಲದೆ ಒಂದು ಗೇಣು ಬೂದು ಕೂದ್ಲು ಹಾಕಿಸಿದ್ದೆ. ಇಲ್ಲದಿದ್ರೆ ನಾನೇ ಎದ್ದು ಹೋಗ್ತೀನಿ."

ಬೋರಣ್ಣ ಬಗ್ಗಿ ಮೂಲೆ ಬಿಚ್ಚಿದ. ಬಿಳಿ ಅಂಚು ಅಲ್ಲಿ ನಿಂತಿತ್ತು, ಮುಂದೆ ಬೂದು ಇತ್ತು. ಅವನು ಬೆರಳಿಟ್ಟು ಅಳೆದ. "ಗೇಣಿಲ್ಲವ್ವ. ಅರ್ಧ ಗೇಣು ಸ್ವಲ್ಪ ಮೇಲೈತೆ" ಎಂದ, ಸೋಲುವ ಮುನ್ನ ಕೊನೆಯ ಸಲ.

"ಕಂಬಳಿಯೆಲ್ಲ ಕುಗ್ಗಿದ ಮೇಲೆ ಅದೊಂದು ಗೇಣು ಹಂಗೇ ಇರ್ತೈತೇನ್ಲೇ?"

ಹೆಂಗಸರ ಕಡೆಯಿಂದ ನಗು ಎದ್ದಿತು. ಬೋರಣ್ಣ ಮೂಲೆಯ ಬೂದು ಎಳೆಯ ಮೇಲೆ ಬೆರಳಾಡಿಸಿದ. ತನ್ನ ತಾಯಿ ಈ ಕಂಬಳಿಗೆ ನೂತಿದ್ದಳು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

"ಇದು ಅದೇ ಕಂಬಳಿ" ಎಂದು ಚಿನ್ನಯ್ಯ ಒಪ್ಪಿಕೊಂಡ. "ಈಗ ಏಳವ್ವ. ನಾವು ಕೂತು ನ್ಯಾಯ ಹೇಳ್ತೀವಿ."

"ಅದೇ ಅಂದ್ಮೇಲೆ ಎಬ್ಸಂಗಿಲ್ವಲ್ಲೋ ಚಿನ್ನ. ಕೂತೋರೇ ನ್ಯಾಯ ಹೇಳ್ಬೇಕು" ಎಂದು ಜುಂಜಮ್ಮ ಸೆರಗು ಸರಿಮಾಡಿಕೊಂಡಳು. ಕಂಬಳಿಯ ಮೇಲೆ ಇನ್ನೊಬ್ಬರಿಗೆ ಜಾಗವಿತ್ತು. ಅವಳು ಚಾಚಿದ ಕಾಲು ಮಡಿಸಲಿಲ್ಲ. "ಏನಪ್ಪಾ ಓಬಳೇಶ, ಉಣ್ಣೇನ ಬಿಸಿನೀರಿಗೆ ಹಾಕಿದ್ದು ತಪ್ಪು. ಹೌದೋ ಅಲ್ವೋ?"

"ತಪ್ಪು ಅಜ್ಜಿ. ದೊಡ್ಡ ತಪ್ಪು" ಎಂದ ಓಬಳೇಶ.

"ಅದಕ್ಕೆ ದಂಡ, ವರ್ಷಕ್ಕೊಂದ್ಸಲ ಬಂದು ಇದನ್ನ ತಣ್ಣೀರಲ್ಲಿ ಜಾಲಾಡಿ ಕೊಡ್ಬೇಕು. ಕೊಳೆ ತೆಗೆದಿದ್ದು ತಪ್ಪಲ್ಲ. ನೀವು ಐದು ಮನೆಯೋರು ಅರವತ್ತು ವರ್ಷದಲ್ಲಿ ಮಾಡದಿದ್ದನ್ನ ಅವನೊಬ್ಬ ಒಂದೇ ದಿನದಲ್ಲಿ ಮಾಡ್ಯಾನೆ. ಅಂಗಡಿ ಅಲ್ಲೇ ಇರ್ಲಿ. ನನ್ನ ಮೊಮ್ಮಗಳೂ ಅಲ್ಲೇ ಇರ್ಲಿ."

ಗಂಗಲಕ್ಷ್ಮಿ ಬೇವಿನ ಮರಕ್ಕೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಓಬಳೇಶ ಅಜ್ಜಿಯ ಕಾಲಿಗೆ ಬೀಳಲು ಹೋಗಿ, ಕಂಬಳಿಯನ್ನು ತುಳಿಯಬಾರದೆಂದು ನೆನಪಾಗಿ, ದೂರದಿಂದಲೇ ಮಣ್ಣಿಗೆ ಬಿದ್ದ.

"ಅವ್ವ, ಸಂತೆಗೆ ಲಾರಿ ಹೇಳಿಬಿಟ್ಟೀನಿ" ಎಂದು ಬೋರಣ್ಣ ಗೊಣಗಿದ.

"ಹೇಳಿದ್ದು ಹೇಳ್ದಂಗೇ ಇರ್ಲಿ. ಅಲ್ಲಿಂದ ತುಂಬ್ಕಂಡು ಬರ್ಬೇಡ, ಇಲ್ಲಿಂದ ತುಂಬ್ಕಂಡು ಹೋಗು. ನಮ್ಮ ಕೌದಿಗಳು ನೀರು ಕಂಡು ಎಷ್ಟು ವರ್ಷ ಆತು?"

ಮಾತು ಮುಗಿಯುವ ಮೊದಲೇ ಹೆಂಗಸರು ಗುಡಿಸಲೊಳಗೆ ನುಗ್ಗಿದ್ದರು. ಕೌದಿ, ಕಂಬಳಿ, ತೊಟ್ಟಿಲ ಬಟ್ಟೆ, ಗೋಣಿತಾಟು ಹೊತ್ತು ಒಬ್ಬೊಬ್ಬರೇ ಬೇವಿನ ಮರದ ಕೆಳಗೆ ಬಂದರು. ಓಬಳೇಶ ಎರಡೂ ಕೈ ಚಾಚಿದ. ಯಾರೂ ಅವನ ಕೈಗೆ ಕೊಡಲಿಲ್ಲ. ಮೊದಲನೆಯವಳು ತನ್ನ ಕೌದಿಯನ್ನು ನೆಲಕ್ಕೆ ಹಾಸಿ, ಒಂದು ತುದಿಯನ್ನು ಬೋರಣ್ಣನ ಕೈಗೆ, ಇನ್ನೊಂದನ್ನು ಚಿನ್ನಯ್ಯನ ಕೈಗೆ ಕೊಟ್ಟು, ಮೊಣಕೈ ಊರಿ ಎಲ್ಲರೆದುರು ಅಳೆಯತೊಡಗಿದಳು. ಅವಳ ಹಿಂದೆ ಸಾಲು ಹಟ್ಟಿಯ ಕೊನೆಯ ಗುಡಿಸಲಿನವರೆಗೆ ನಿಂತಿತ್ತು.

"ಆರು ಮೊಳ" ಎಂದು ಬೋರಣ್ಣ ಅಳಿಯನನ್ನು ನೆಟ್ಟಗೆ ನೋಡಿ ಹೇಳಿದ. "ಐದೂ ಜನ ಸಾಕ್ಷಿ ಅದೀವಿ, ಅಳಿಯಾ. ಆರು."